ಯಾರೂ ಹೆರಬಾರದ ದ್ವೀಪ

2-3-81, ಸೋಮವಾರ. ಬೆಳಗ್ಗೆ

ಏಳಕ್ಕೇ ಶಾಪ್ ತೆಗೆದೆ. ಮೂರು ಪಂಚರ್. ಒಂದು ಟ್ಯೂಬಿನಾಗೆ ಜಾಲಿಮುಳ್ಳು ಹಂಗೇ ಕುಂತಿತ್ತು. ಬಾಡಿಗೆ ಸೈಕಲ್ ಒಂದು ನಿನ್ನೆ ವಾಪಸ್ ಬಂದಿಲ್ಲ. ಸವಳಂಗದ ಕಡೆ ಮಾವನ ಮನೆಗೆ ಹೋದೋನು, ಅಲ್ಲೇ ಉಂಡು ಮಲಗಿರಬೇಕು.

ಪಂಚಾಕ್ಷರಪ್ಪನ ಹೋಟ್ಲಿನಾಗೆ ಅವಲಕ್ಕಿ, ಟೀ. ಗಲ್ಲಾದ ಮೇಲೆ ಕುಂತ್ಕಂಡೇ ಶುರು ಮಾಡಿದ — "ಏನ್ ಹಡಗಿನ ಮರುಳಪ್ಪ, ಬರೋ ಸೋಮವಾರ ಹಡಗು ಗೋವಿನಕೋವಿಗಂತೆ?"

"ಹಡಗಲ್ಲಲೇ. ಅಂಬಾಸಿಡರ್ ಕಾರು. ಹೋಗ್ತಾ ನಾನೊಬ್ನೆ. ಬರ್ತಾ ಎರಡೂವರೆ ಜನ."

ಹೋಟ್ಲಿನಾಗಿದ್ದೋರೆಲ್ಲ ನಕ್ರು. ನ್ಯಾಮತಿಯಾಗೆ ನನ್ನಷ್ಟು ಜನರನ್ನ ನಗಿಸೋನು ಇನ್ನೊಬ್ಬ ಇಲ್ಲ. ಇದು ಹೊಗಳ್ಕೊಳ್ಳೋದಲ್ಲ, ಇರೋದು.

ಸೋಮವಾರ ಗೋವಿನಕೋವಿಯಾಗೆ, ಗಂಡನ ಮನ್ಯಾಗೆ, ನನ್ನ ತಂಗಿ ಮಗಳು ಕಸ್ತೂರಿಗೆ ಸೀಮಂತದ ಕುಬ್ಸ. ಏಳು ತಿಂಗಳು ತುಂಬೈತೆ. ಉಡಿ ತುಂಬಿಸಿ, ಹಸಿರು ಬಳೆ ಇಡಿಸಿ, ಅವತ್ತೇ ತವರಿಗೆ ಕರ್ಕಂಡು ಬರೋದು. ತವರು ಅಂದ್ರೆ ಇದೇ. ಸೈಕಲ್ ಶಾಪಿನ ಹಿಂದಿನ ಎರಡು ಕೋಣೆ, ಒಂದು ಹಿತ್ತಲು. ನಾನು.


5-3-81, ಗುರುವಾರ

ನಿನ್ನೆ ಶಿವರಾತ್ರಿ. ಉಪವಾಸ ಅಂತ ಎಲ್ಲರಿಗೂ ಹೇಳಿದೆ. ಬಾಳೆಹಣ್ಣು ಲೆಕ್ಕಕ್ಕಿಲ್ಲ.

ಒಳಗಿನ ಕೋಣೆಗೆ ಸುಣ್ಣ ಹೊಡೆದೆ. ಬಚ್ಚಲಿಗೆ ಹೊಸ ಕಲ್ಲು ಹಾಸಿದೆ — ಬಾಣಂತಿ ಜಾರಬಾರದು. ಹಗ್ಗದ ಮಂಚ ಬಿಗಿ ಮಾಡಿದೆ. ಪಕ್ಕದ ಮನೆ ತಿಪ್ಪಮ್ಮಕ್ಕ ಬಂದು ನೋಡಿದ್ಲು. ಸೊಂಟದ ಮೇಲೆ ಕೈ.

"ಬಾಣಂತನ ಅಂದ್ರೆ ಸೈಕಲ್ ರಿಪೇರಿ ಅಲ್ಲ ಕಣಪ್ಪ ಮರುಳಪ್ಪ."

"ನೀನಿದ್ದೀಯಲ್ಲಕ್ಕ."

"ನಾನಿದ್ದೀನಿ. ಎಣ್ಣೆ ನೀರು ನಾನು ನೋಡ್ಕಂತೀನಿ. ನೀನು ಬಾಯಿ ಮುಚ್ಕಂಡಿರು, ಅಷ್ಟು ಸಾಕು."

ಸೂಲಗಿತ್ತಿ ಕಾಟಮ್ಮಂಗೂ ಹೇಳಿ ಬಂದೆ. ಸರ್ಕಾರಿ ಆಸ್ಪತ್ರೆಯಾಗೆ ಟ್ರೈನಿಂಗ್ ಆದೋಳು. ಕತ್ತರಿ, ದಾರ ಎಲ್ಲ ಒಂದು ಡಬ್ಬಿಯಾಗೆ ಇಟ್ಕಂಡು ಓಡಾಡ್ತಾಳೆ.

ಕಸ್ತೂರಿ ಅವ್ವ, ನನ್ನ ತಂಗಿ ನಿರ್ಮಲ, ಎರಡನೇ ಹೆರಿಗೆಯಾಗೆ ಹೋದ್ಲು. ಬಿಳಿಚೋಡಿನಾಗೆ, ಗಂಡನ ಮನ್ಯಾಗೆ. ಕೂಸೂ ಉಳಿಲಿಲ್ಲ. ಅವಳಪ್ಪ ವರ್ಷದೊಳಗೆ ಇನ್ನೊಂದು ಮದುವೆ ಆದ. ಐದು ವರ್ಷದ ಹುಡುಗೀನ ಸೈಕಲ್ಲಿನ ಮುಂದಿನ ಬಾರ್ ಮೇಲೆ ಕುಂಡ್ರಿಸ್ಕಂಡು ನಾನು ಇಲ್ಲಿಗೆ ತಂದೆ. ದಾರಿ ಉದ್ದಕ್ಕೂ ಅಳ್ತಿದ್ಲು. ನಾನು ಹಡಗಿನಾಗೆ ದುಡಿದಿದ್ದ ಕಾಲದ ಕಥೆ ಹೇಳ್ತಾ ಬಂದೆ. ತಿಮಿಂಗಿಲ ನಮ್ಮ ಹಡಗಿಗೆ ಸಲಾಂ ಹೊಡೀತು ಅಂದೆ. ಹೊನ್ನಾಳಿ ಹೊಳೆ ದಾಟೋ ಹೊತ್ತಿಗೆ "ಆಮೇಲೆ?" ಅಂದ್ಲು.

ಹೋದ ವರ್ಷ ಮದುವೆ ಮಾಡಿ ಕಳಿಸಿದೆ. ಮನೆ ಅಷ್ಟೇ ಐತೆ, ಕೋಣೆ ಮಾತ್ರ ದೊಡ್ಡವಾಗ್ಯಾವೆ.


9-3-81, ಸೋಮವಾರ. ಸಂಜೆ

ಕಾರು ವಾಪಸ್ ಬಂತು. ಹಿಂದಿನ ಸೀಟಿನಾಗೆ ನಾನೊಬ್ನೆ.

ಪಂಚಾಕ್ಷರಪ್ಪ ಹೋಟ್ಲಿಂದ ಇಳಿದು ಬಂದ. ಬಗ್ಗಿ ಕಾರಿನೊಳಗೆ ನೋಡಿದ. ತಲೆ ಆಡಿಸ್ಕಂಡು ವಾಪಸ್ ಗಲ್ಲಾಕ್ಕೆ ಹೋದ.

ಇವತ್ತು ಬರೆಯಲ್ಲ.


10-3-81

ಬರೀತೀನಿ. ಯಾರಿಗಾರ ಹೇಳಬೇಕಲ್ಲ.

ಎಲ್ಲ ಚೆನ್ನಾಗೇ ನಡೀತು. ಹಸಿರು ಸೀರೆ ಅವಳಿಗೆ ಒಪ್ಪಿತ್ತು. ಹೆಣ್ಣುಮಕ್ಕಳು ಸೋಬಾನೆ ಹಾಡಿದ್ರು. ಊಟದ ಪಂಕ್ತಿ ಕುಂತ್ಕಂಡ್ವಿ. ಹೋಳಿಗೆ ಬಡಿಸ್ತಿದ್ರು. ಕಸ್ತೂರಿ ಗಂಡ ಕಲ್ಲೇಶನ ಚಿಕ್ಕಪ್ಪ ಒಬ್ಬ — "ಹಡಗಿನ ಸುದ್ದಿ ಏನಾರ ಹೇಳ್ರಿ ಬೀಗ್ರೆ" ಅಂದ. ಕೇಳಿದ ಮೇಲೆ ಸುಮ್ನಿರೋ ಬಾಯಿ ಅಲ್ಲ ಇದು.

ಏನು ಹೇಳ್ಲಿ ಅಂತ ನೋಡ್ದೆ. ಕುಬ್ಸದ ಮನೆ ಅಲ್ವ, ಹೆರಿಗೆ ಸುದ್ದಿನೇ ಇರ್ಲಿ ಅಂತ... ದಡ್ಡ.

"ಗ್ರೀಸ್ ದೇಶದ ಸಮುದ್ರದಾಗೆ ಡೀಲೋಸ್ ಅಂತ ಒಂದು ದ್ವೀಪ ಐತೆ" ಅಂದೆ. "ನಮ್ಮ ಸೂಳೆಕೆರೆ ನೀರು ಹರಡಿದಷ್ಟು ಜಾಗ ಇಲ್ಲ. ಎರಡು ಸಾವಿರದ ನಾನೂರು ವರ್ಷದ ಹಿಂದೆ ಅಲ್ಲೊಂದು ಕಾನೂನು. ಆ ಮಣ್ಣಿನ ಮೇಲೆ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು. ದೇವರ ಜಾಗ, ಮೈಲಿಗೆ ಆಗ್ತೈತಂತೆ. ಬಸುರಿಗೆ ನೋವು ಶುರುವಾದ್ರೆ ಸಾಕು, ಎತ್ಕಂಡು ಹೋಗಿ ದೋಣಿಯಾಗೆ ಹಾಕೋದು. ಎದುರಿನ ದ್ವೀಪಕ್ಕೆ ಸಾಗಿಸೋದು. ಸಾಯೋ ಮುದುಕನೂ ಅದೇ ದೋಣಿ. ಒಂದು ಕಡೆ ಅವನು ನರಳ್ತಾನೆ, ಒಂದು ಕಡೆ ಇವಳು ನರಳ್ತಾಳೆ."

ನರಳೋದನ್ನ ಮಾಡಿ ತೋರಿಸ್ದೆ. ಎರಡೂ ದನಿಯಾಗೆ.

ಗಂಡಸರ ಸಾಲು ಬಿದ್ದು ಬಿದ್ದು ನಗ್ತು. ನಾನು ಆ ಕಡೆನೇ ನೋಡ್ತಿದ್ದೆ. ಹೆಣ್ಣುಮಕ್ಕಳ ಸಾಲಿನಾಗೆ ಕೈ ನಿಂತಿದ್ದು ಆಮೇಲೆ ಕಂಡೆ. ಒಬ್ಬ ಮುದುಕಿ ಕಸ್ತೂರೀನ ಎಬ್ಬಿಸಿದ್ಲು. ಎಲೆ ಮುಂದಿಂದ. ಉಂಡಿರಲಿಲ್ಲ. ಬಸುರಿ ಹೆಂಗಸು, ಹೆರಿಗೆಯಾಗೆ ಅವ್ವನ್ನ ಕಳ್ಕಂಡೋಳು — ಅವಳ ಮುಂದೆ ನಾನು ಆ ನರಳಾಟ.

ಅವಳತ್ತೆ ಶಂಕ್ರಮ್ಮ ಉಪ್ಪು, ಒಣಮೆಣಸಿನಕಾಯಿ ತಂದು ನಿವಾಳಿಸಿದ್ಲು. ಒಲೆಗೆ ಹಾಕಿದ್ಲು. ಘಾಟು ಬರಲಿಲ್ಲ. ಘಾಟು ಬರಲಿಲ್ಲ ಅಂದ್ರೆ ದೃಷ್ಟಿ ಆಗೈತೆ ಅಂತ ಲೆಕ್ಕ.

ನಾನು ಇನ್ನೂ ಹಾಳು ಮಾಡಿದೆ. "ನಮ್ಮ ಧರ್ಮದಾಗೆ ಸೂತಕ ಇಲ್ಲ, ಬಸವಣ್ಣನೋರು ಹೇಳ್ಯಾರೆ, ನಾವು ಆ ದ್ವೀಪದೋರಂಗಲ್ಲ" ಅಂದೆ. ಶಂಕ್ರಮ್ಮ ಎಲ್ಲರ ಮುಂದೆ ಅಂದ್ಲು — "ಹೂಂ ಬೀಗ್ರೆ. ಆ ದ್ವೀಪ ನಿಮಗೇ ಇರ್ಲಿ. ನನ್ನ ಸೊಸೆ ಇಲ್ಲೇ ಇರ್ತಾಳೆ."

ಕಾರಿನ ಬಾಗಿಲು ಡ್ರೈವರ್ ಹಾಕಿದ.


13-3-81, ಶುಕ್ರವಾರ

ಶಾಪ್ ತೆಗೆಯಲಿಲ್ಲ. ಜ್ವರ ಅಂದೆ. ಜ್ವರ ಇಲ್ಲ.

ಆ ದ್ವೀಪಕ್ಕೆ ಹೋಗಿದ್ದು ನಿಜ. ಐವತ್ತೆರಡನೇ ಇಸವಿ. ಅದಿರು ಹಡಗಿನಾಗೆ ಅಡಿಗೆ ಮಾಡೋ ಭಂಡಾರಿ ಕೈಕೆಳಗೆ ಈರುಳ್ಳಿ ಹೆಚ್ಚೋನು ನಾನು. ಎಂಜಿನ್ ಕೆಟ್ಟು ಪಕ್ಕದ ದೊಡ್ಡ ದ್ವೀಪದಾಗೆ ನಿಂತ್ವಿ. ಒಬ್ಬ ಮೀನುಗಾರ ಒಂದು ಪ್ಯಾಕೆಟ್ ಸಿಗರೇಟಿಗೆ ಕರ್ಕಂಡು ಹೋದ. ಬರೀ ಕಲ್ಲು. ಒಂದು ಮರದ ನೆರಳಿಲ್ಲ. ಮುರಿದ ಕಂಬ, ಬಾಗಿಲಿಲ್ಲದ ಬಾಗಿಲುವಾಡ, ಬಾಯಿ ತೆಗೆದು ಕುಂತ ಕಲ್ಲಿನ ಸಿಂಹ. ಊರಿನಾಗೆ ಐವತ್ತು ಸಿಂಹ ಅಂತ ಹೇಳ್ತೀನಿ. ನೋಡಿದ್ದು ಐದು.

ಒಬ್ಬ ಕಾವಲಿನವನಿದ್ದ. ಮುದುಕ. ಅವನಿಗೆ ಬರೋ ಇಂಗ್ಲಿಷ್ ಅರ್ಧ, ನನಗೆ ಬರೋದು ಅರ್ಧ, ಎರಡು ಸೇರಿದ್ರೂ ಒಂದಾಗ್ತಿರಲಿಲ್ಲ. ಮಿಕ್ಕಿದ್ದು ಕೈಸನ್ನೆ. ಬ್ರೆಡ್ಡು, ಆಲಿವ್ ಕಾಯಿ ಕೊಟ್ಟ. ನಮ್ಮ ಉಪ್ಪಿನಕಾಯಿ ಮುಂದೆ ಏನೂ ಅಲ್ಲ.

ಅವನು ಹೇಳಿದ್ದು ಆ ಕಾನೂನಿಂದ ಶುರುವಾಗಲ್ಲ. ಅದಕ್ಕೂ ಹಿಂದಿನದು ಒಂದೈತೆ. ನಾನು ನಗಿಸಾಕೆ ಹೋಗಿ ಬಾಲ ಹಿಡ್ಕಂಡು ತಲೆ ಬಿಟ್ಟೆ.

ಲೇಟೋ ಅಂತ ಒಬ್ಬಳು. ದೊಡ್ಡ ದೇವರಿಂದ ಬಸುರಾದ್ಲು. ದೇವರ ಹೆಂಡ್ತಿಗೆ ಹೊಟ್ಟೆಕಿಚ್ಚು. ಇವಳಿಗೆ ಹೆರಾಕೆ ಯಾವ ಭೂಮಿನೂ ಜಾಗ ಕೊಡಬಾರದು ಅಂತ ಅಪ್ಪಣೆ. ತುಂಬಿದ ಹೊಟ್ಟೆ ಹೊತ್ಕಂಡು ಊರೂರು ಅಲೆದ್ಲು. ಒಳ್ಳೊಳ್ಳೆ ಗದ್ದೆ ತೋಟ ಇದ್ದ ನಾಡೆಲ್ಲ ಬಾಗಿಲು ಹಾಕ್ಕಂಡ್ವು. ಕೊನೆಗೆ ಈ ಡೀಲೋಸ್. ಆಗ ಅದು ನಿಂತ ನೆಲ ಅಲ್ಲ, ನೀರಿನ ಮೇಲೆ ತೇಲ್ತಾ ಇದ್ದ ಬಂಡೆಯಂತೆ. ಬೆಳೆ ಇಲ್ಲ, ಜನ ಇಲ್ಲ, ಕೇಳೋರಿಲ್ಲ. ಅದೊಂದೇ "ಬಾ" ಅಂತು. ಒಂಬತ್ತು ಹಗಲು ಒಂಬತ್ತು ರಾತ್ರಿ ನೋವು ತಿಂದ್ಲು. ಖರ್ಜೂರದ ಮರ ತಬ್ಬಿ ಹಿಡಿದು ಹೆತ್ಲು. ಹುಟ್ಟಿದ್ದು ಅಪೊಲೊ, ಬೆಳಕಿನ ದೇವರು. ಆಮೇಲೆ ಆ ಬಂಡೆಗೆ ಬೇರು ಬಂದು ನಿಂತ್ಕಂತು.

ಗುಡಿ ಆತು, ಹೆಸರು ಬಂತು. ಹೆಸರು ಬಂದ ಮೇಲೆ ಅಥೆನ್ಸಿನ ದೊಡ್ಡೋರು ಬಂದ್ರು, ಶುದ್ಧ ಮಾಡ್ತೀವಿ ಅಂತ. ಗೋರಿಯಾಗಿದ್ದ ಎಲುಬೆಲ್ಲ ಅಗೆದು ಎದುರು ದ್ವೀಪಕ್ಕೆ ಒಯ್ದ್ರು. ಇನ್ನು ಹುಟ್ಟಂಗಿಲ್ಲ, ಸಾಯಂಗಿಲ್ಲ ಅಂದ್ರು. ಹೆರಿಗೆಗೆ ಜಾಗ ಕೊಟ್ಟು ದೇವರಾದ ನೆಲದಾಗೆ ಹೆರಿಗೆನೇ ಬ್ಯಾಡ. ಕೊನೆಗೆ ಅಲ್ಲಿ ಹುಟ್ಟಿ ಬೆಳೆದೋರನ್ನೂ ಓಡಿಸಿದ್ರು. ಆಮೇಲೆ ವ್ಯಾಪಾರ, ಮನುಷ್ಯರನ್ನ ಮಾರೋ ಸಂತೆ. ಆಮೇಲೆ ಕಡಲುಗಳ್ಳರು, ಬೆಂಕಿ. ಆಮೇಲೆ ಹಲ್ಲಿ.

"ನಿಂಗೆ ಇಲ್ಲಿ ಒಬ್ಬಂಗೆ ಬೇಜಾರಾಗಲ್ವ?" ಅಂತ ಸನ್ನೆ ಮಾಡಿದೆ ಅವನಿಗೆ. ನಕ್ಕ. ಅವನ ಹಲ್ಲು ನೆಪ್ಪೈತೆ. ಏನಂದ ಅಂತ ತಿಳೀಲಿಲ್ಲ.


2-4-81, ಗುರುವಾರ

ಮೂರು ವಾರ ಮುಖ ಇರಲಿಲ್ಲ. ಇವತ್ತು ಸೈಕಲ್ ಹತ್ತಿ ಗೋವಿನಕೋವಿಗೆ ಹೋದೆ. ಶಂಕ್ರಮ್ಮ ಜಗಲಿ ಮೇಲೆ ಅಕ್ಕಿ ಆರಿಸ್ತಿದ್ಲು.

"ಬನ್ರಿ ಬೀಗ್ರೆ. ಕುಂತ್ಕಳ್ರಿ."

ಕಸ್ತೂರಿ ಮಜ್ಜಿಗೆ ತಂದ್ಲು. "ಈ ಬಿಸಿಲಾಗೆ ಸೈಕಲ್ ತುಳ್ಕಂಡು ಬರಬೇಕಾ ಮಾವ?" ಅಂದ್ಲು. ಅವಳ ಪಾದ ನೋಡ್ದೆ. ಬಾತಿದ್ವು. ಚಪ್ಪಲಿಯಾಗೆ ಹಿಡೀತಿರಲಿಲ್ಲ.

"ಮಗೀನ ಕರ್ಕಂಡು ಹೋಗಾಕೆ ಬಂದೆ, ಶಂಕ್ರಮ್ಮನೋರೆ."

"ನಿಮ್ಮನ್ಯಾಗೆ ಹೆಣ್ಣು ದಿಕ್ಕು ಯಾರದಾರೆ?"

"ಪಕ್ಕದ ಮನೆ ತಿಪ್ಪಮ್ಮ ಅದಾಳೆ. ಅರ್ಧ ನ್ಯಾಮತಿಗೆ ಬಾಣಂತನ ಮಾಡಿದೋಳು. ಸೂಲಗಿತ್ತಿ ಕಾಟಮ್ಮ ಅದಾಳೆ. ಟ್ರೈನಿಂಗ್ ಆಗೈತೆ. ಡಬ್ಬಿ ಐತೆ."

ಅವಳು ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದ್ಲು. "ಮದುವೆ ಮಾತಿಗೆ ಬಂದಾಗ ಮುಂಬೈನಾಗೆ ಎರಡಂತಸ್ತಿನ ಮನೆ ಐತೆ ಅಂದಿದ್ರಿ."

ಮಜ್ಜಿಗೆ ಲೋಟ ಎತ್ತಿದೆ.

"ಹಡಗಿನ ಕ್ಯಾಪ್ಟನ್ ನಿಮ್ಮನ್ನ ಕೇಳ್ದೆ ಊಟಕ್ಕೆ ಕುಂಡ್ರುತಿರಲಿಲ್ಲ ಅಂದಿದ್ರಿ."

"ಅದು ನಿಜ. ಅಡಿಗಿ ಆಗೈತಾ ಅಂತ ಕೇಳ್ಬೇಕಲ್ಲ."

ಕಲ್ಲೇಶ ಹೊಸಲಿನಾಗೆ ನಿಂತು ನಕ್ಕ. ಅವ್ವ ನೋಡಿದ್ಲು, ನಿಲ್ಲಿಸಿದ.

"ಹಂಗಾದ್ರೆ ಈ ತಿಪ್ಪಮ್ಮ ಅನ್ನೋಳು ಇರೋದು ನಿಜಾನೋ, ಅವಳೂ ಮುಂಬೈ ಮನ್ಯಾಗೇ ಇರ್ತಾಳೋ — ನನಗೆ ಹೆಂಗೆ ಗೊತ್ತಾಗಬೇಕು? ನೀವೇ ಹೇಳ್ರಿ."

ಆಣೆ ಮಾಡ್ತೀನಿ ಅಂದ್ರೆ ಅದನ್ನೂ ಎಷ್ಟೋ ಸಲ ಮಾಡೀನಿ. ಮಜ್ಜಿಗೆ ಕುಡಿದು ಬಂದೆ.


5-4-81. ಯುಗಾದಿ

ಒಬ್ಬನೇ ಬೇವು ಬೆಲ್ಲ ತಿಂದೆ. ಬೇವು ಜಾಸ್ತಿ ಆಗಿತ್ತು. ಬಯ್ಯಾಕೆ ಯಾರೂ ಇಲ್ಲ.

ಸುಣ್ಣದ ಕೋಣೆಯಾಗೆ ಸ್ವಲ್ಪ ಹೊತ್ತು ಕುಂತಿದ್ದೆ. ನಾನೇ ಕಟ್ಟಿಸಿದ ಮನೆ. ಇಪ್ಪತ್ತೈದು ವರ್ಷ ಆತು. ಇದರಾಗೆ ಯಾರೂ ಹುಟ್ಟಿಲ್ಲ, ಯಾರೂ ಸತ್ತಿಲ್ಲ. ಅಥೆನ್ಸಿನೋರು ಬಂದ್ರೂ ಶುದ್ಧ ಮಾಡಾಕೆ ಏನೂ ಸಿಗಲ್ಲ.


19-4-81, ಭಾನುವಾರ

ತಿಪ್ಪಮ್ಮಕ್ಕನ ಕಾಲಿಗೆ ಬೀಳೋದೊಂದು ಬಾಕಿ. "ನಿನ್ನ ಬಾಯಿಗೆ ನಾನು ಸಾಕ್ಷಿ ಹೇಳಾಕೆ ಬರಬೇಕಾ?" ಅಂದ್ಲು. ಆಮೇಲೆ ತಾನೇ ಒಳ್ಳೆ ಸೀರೆ ಉಟ್ಕಂಡು ಬಂದ್ಲು. ಕಾಟಮ್ಮಂಗೆ ಡಬ್ಬಿ ತಗಂಡು ಬಾ ಅಂದೆ. ಮೂವರೂ ಬಸ್ಸು. ಇಬ್ಬರು ಹೆಂಗಸರ ಹಿಂದೆ ನಾನು, ಕಳ್ಳನ್ನ ಠಾಣೆಗೆ ಕರ್ಕಂಡು ಹೋದಂಗೆ.

ಶಂಕ್ರಮ್ಮ ಬಾಗಿಲಿಗೆ ಬಂದು ನಿಂತ್ಲು. ಮೇಲಿಂದ ಕೆಳಗೆ ನೋಡಿದ್ಲು.

"ನೀವೇನಾ ತಿಪ್ಪಮ್ಮ?"

"ನಾನೇ ಕಣವ್ವ. ನನ್ನ ಬಗ್ಗೆ ಏನೇನು ಹೇಳ್ಯಾನೆ ಇವನು? ಅರ್ಧ ಕಳೆದುಬಿಡು."

"ಅರ್ಧ ನ್ಯಾಮತಿಗೆ ಬಾಣಂತನ ಮಾಡೀರಿ ಅಂದ."

"ನಮ್ಮ ಬೀದಿಗೆ ಮಾಡೀನಿ. ನಮ್ಮ ಬೀದಿ ಸಣ್ಣದೇನಲ್ಲ."

ಶಂಕ್ರಮ್ಮ ಮುಖ ಸ್ವಲ್ಪ ಸಡಿಲಾತು. ಒಳಗೆ ಕರೆದ್ಲು. ಕಾಟಮ್ಮ ಕೈ ತೊಳ್ಕಂಡು ಕಸ್ತೂರೀನ ನೋಡಿದ್ಲು. ಕೂಸು ಸರಿಯಾಗಿ ತಿರುಗೈತೆ, ಉಪ್ಪು ಕಡಿಮೆ ಮಾಡ್ರಿ, ಕಾಲು ಬಾವು ಇಳೀತೈತೆ ಅಂದ್ಲು. ನಾನು ಜಗಲಿ ಮೇಲೆ. ಬಾಯಿ ತೆಗೆಯಲ್ಲ ಅಂತ ತಿಪ್ಪಮ್ಮಕ್ಕಂಗೆ ಮಾತು ಕೊಟ್ಟಿದ್ದೆ.

ಕಸ್ತೂರಿ ಗೋಡೆ ಹಿಡ್ಕಂಡು ಆಚೆ ಬಂದ್ಲು. "ಅತ್ತೆ, ಅವತ್ತು ಮಾವ ಆ ದ್ವೀಪದ ಕಥೆ ಪೂರ್ತಿ ಹೇಳಲಿಲ್ಲ. ಮೊದಲ ಭಾಗ ಬ್ಯಾರೆ ಐತೆ. ನನಗೆ ಗೊತ್ತು."

"ಮತ್ತೆ ಅದೇನಾ" ಅಂದ್ಲು ಶಂಕ್ರಮ್ಮ.

"ಒಂದು ಸಲ ಕೇಳ್ರಿ. ನಾನು ಅಲ್ಲಿಗೇ ಹೋಗ್ಬೇಕು ಅಂತಿದ್ದೀನಿ. ಅದು ನನ್ನ ತವರು."

ಹೇಳಿದೆ. ಕಾವಲಿನವನು ಹೇಳಿದಷ್ಟೇ. ಸಿಂಹ ಸೇರಿಸಲಿಲ್ಲ. ಕೈಕಾಲು ಆಡಿಸಲಿಲ್ಲ. ಯಾರೂ ಜಾಗ ಕೊಡಲಿಲ್ಲ, ಬಡ ಬಂಡೆ ಕೊಡ್ತು, ಒಂಬತ್ತು ದಿನ ಆದ ಮೇಲೆ ಕೂಸು ಹುಟ್ತು. ಇಷ್ಟೇ. ಹಿಂಗೆ ಹೇಳಿದ್ರೆ ಎಷ್ಟು ಬೇಗ ಮುಗೀತೈತೆ.

ಶಂಕ್ರಮ್ಮ ಕೈಯಾಗಿದ್ದ ಅಕ್ಕಿ ಕೇರೋ ಮರ ಕೆಳಗಿಟ್ಲು.

"ಅವಳತ್ತೆ ಎಲ್ಲಿದ್ಲು?"

"ಯಾರತ್ತೆ?"

"ಆ ಲೇಟೋ ಅನ್ನೋಳ ಅತ್ತೆ. ಒಂಬತ್ತು ದಿನ ಹೆಣ್ಣುಮಗಳು ನೋವು ತಿಂತಾಳೆ. ಅತ್ತೆ ಅನ್ನೋಳು ಎಲ್ಲಿಗೆ ಹೋಗಿದ್ಲು?"

ನಾಲಿಗೆ ತುದಿಗೆ ಬಂದಿತ್ತು ಒಂದು. ಒಳ್ಳೇದೇ ಇತ್ತು. ನುಂಗ್ಕಂಡೆ. "ಗೊತ್ತಿಲ್ಲ" ಅಂದೆ. "ಅವನು ಹೇಳಲಿಲ್ಲ."

ಶಂಕ್ರಮ್ಮ ಅಂದ್ಲು — "ನಿಮಗೂ ಗೊತ್ತಿಲ್ದೆ ಇರೋದು ಐತೆ ಅಂದಂಗಾತು."

ಎದ್ದು ಸೆರಗು ಕೊಡವಿದ್ಲು. "ಕಳಿಸ್ತೀನಿ. ಜೊತಿಗೆ ನಾನೂ ಬರ್ತೀನಿ."

ಸೊಸೆ ತವರಿಗೆ ಹೆರಿಗೆಗೆ ಹೋದ್ರೆ ಅತ್ತೆ ಹಿಂದೆ ಬರೋದು ಎಲ್ಲಾದ್ರೂ ಉಂಟಾ? ಕಲ್ಲೇಶ "ಅವ್ವಾ, ಜನ ಏನಂತಾರೆ" ಅಂದ. "ಜನ ಹೆರ್ತಾರೇನು?" ಅಂದ್ಲು.


27-4-81, ಸೋಮವಾರ

ಬಂದ್ರು. ಒಂದು ಟ್ರಂಕು, ಎರಡು ಚೀಲ, ಒಂದು ಕೇರೋ ಮರ, ಒನಕೆ ಒಂದು ಬಿಟ್ಟು ಎಲ್ಲ. ಶಂಕ್ರಮ್ಮ ಬಂದೋಳೇ ಬಚ್ಚಲ ಕಲ್ಲು ಕಾಲಿಂದ ಉಜ್ಜಿ ನೋಡಿದ್ಲು. ಜಾರುತ್ತಾ ಅಂತ. ತನ್ನ ತಂಬಿಗೆ ಅಲ್ಲೇ ಇಟ್ಲು. ಅಂದ್ರೆ ಪಾಸ್.

ಪಂಚಾಕ್ಷರಪ್ಪ ಆಚೆಯಿಂದಲೇ ಕೂಗಿದ — "ಎರಡೂವರೆ ಅಂದಿದ್ದೆಯಲ್ಲೋ, ಮೂರೂವರೆ ಬಂದಂಗೈತೆ."


6-5-81

ಬರೆಯಾಕೆ ಪುರುಸೊತ್ತಿಲ್ಲ. ನನ್ನ ಮಂಚ ಶಂಕ್ರಮ್ಮಂಗೆ ಹೋತು. ನಡುಮನೆ ತಿಪ್ಪಮ್ಮಕ್ಕಂಗೆ. ನಾನು ಶಾಪಿನಾಗೆ, ಬಾಡಿಗೆ ಸೈಕಲ್ ನಡುವೆ ಚಾಪೆ. ಮಗ್ಗಲು ತಿರುಗಿದ್ರೆ ಪೆಡಲ್ ತಾಗ್ತೈತೆ.

ಇಬ್ಬರು ಹೆಂಗಸರಿಗೂ ದಿನಾ ಜಗಳ. ಬಾಣಂತಿ ಕಾರದ ಪುಡಿಗೆ ಮೆಣಸು ಎಷ್ಟು, ಕೊಬ್ಬರಿ ಎಷ್ಟು. ಒಬ್ಬಳು ಗೋವಿನಕೋವಿ ಪದ್ಧತಿ ಅಂತಾಳೆ, ಒಬ್ಬಳು ನಮ್ಮ ಬೀದಿ ಪದ್ಧತಿ ಅಂತಾಳೆ. ಬಾಗಿಲ ಹತ್ರ ಹೋದ್ರೆ ಇಬ್ಬರೂ ಒಂದಾಗಿ "ಆಚೆ ಹೋಗ್ರಿ". ಕಸ್ತೂರಿ ಮಂಚದ ಮೇಲಿಂದ ನಗ್ತಾಳೆ. ಒಂದು ಮಾತಾಡಾಕೆ ಅಂತ ಹೋದ್ರೂ ನನ್ನ ಮನ್ಯಾಗೆ ನನಗೇ ಪಾಳಿ ಬರವಲ್ದು.

ಇಡೀ ಊರಿಗೆ ಬೈಕಂಡು ಓಡಾಡ್ತಿದ್ದೀನಿ, ಎಂಥ ಕಾಟ ಅಂತ. ಯಾರೂ ನಂಬಲ್ಲ.


14-5-81, ಗುರುವಾರ. ಬೆಳಗ್ಗೆ ಹತ್ತು

ಆರಕ್ಕೆ ನೋವು ಶುರು. ಕಾಟಮ್ಮ ಬಂದಾಳೆ. ಬಾಗಿಲು ಹಾಕ್ಯಾರೆ. ನಾನು ಹಿತ್ತಲಾಗೆ, ಕಿಟಕಿ ಕೆಳಗೆ, ಬಟ್ಟೆ ಒಗೆಯೋ ಕಲ್ಲಿನ ಮೇಲೆ. ಕೈ ಸುಮ್ನಿರವಲ್ದು, ಅದಕ್ಕೇ ಬರೀತಿದ್ದೀನಿ. ಹಂಡೆಗೆ ಸೌದೆ ಒಟ್ಟಿದೆ. ನೀರು ಕುದ್ದು ಆರಿ ಮತ್ತೆ ಕುದೀತು.

ಕಲ್ಲೇಶಂಗೆ ಹೇಳಿ ಕಳಿಸೀನಿ.

ಹನ್ನೊಂದು

ಕಾಟಮ್ಮ ಬಂದು ಎಲ್ಲ ಸರಿ ಐತೆ, ಚೊಚ್ಚಲು, ತಡ ಆಗ್ತೈತೆ ಅಂದ್ಲು. ಸರಿ ಐತೆ ಅನ್ನೋದನ್ನ ಎರಡು ಸಲ ಅಂದ್ಲು. ಒಂದು ಸಲ ಸಾಕಿತ್ತು.

ನಿರ್ಮಲಂಗೂ ಸರಿ ಐತೆ ಅಂದಿದ್ರಂತೆ.

ಹನ್ನೆರಡೂವರೆ

ಒಳಗೆ ಕೂಗು. ಕೇಳಾಕಾಗವಲ್ದು. ಅವತ್ತು ಪಂಕ್ತಿಯಾಗೆ ನಾನು ಮಾಡಿ ತೋರಿಸಿದ ದನಿ ಹಿಂಗಿರಲೇ ಇಲ್ಲ. ಇದರ ಹತ್ರಕ್ಕೂ ಬರಲ್ಲ.

ಈಗ ನಿಂತೈತೆ. ಕಿಟಕಿಯಿಂದ ಕಸ್ತೂರಿ ದನಿ. ಸಣ್ಣಗೆ.

"ಮಾವಾ... ಅದೀಯಾ?"

"ಇಲ್ಲೇ ಅದೀನಿ."

"ಏನಾರ ಹೇಳು."

ಏನು ಹೇಳ್ಲಿ ಅಂದೆ.

"ಸುಳ್ಳೇ ಹೇಳು. ದೊಡ್ಡದು."

ಇಷ್ಟು ವರ್ಷದಾಗೆ ಸುಳ್ಳು ಬೇಕು ಅಂದಾಗ ಬರದೇ ಇದ್ದಿದ್ದು ಇದೇ ಮೊದಲು. ಶಂಕ್ರಮ್ಮ ಕಿಟಕಿ ಬಾಗಿಲು ಪೂರ್ತಿ ತೆಗೆದ್ಲು. ಅವಳ ಮುಖದ ತುಂಬ ಬೆವರು. "ಹೇಳ್ರಿ ಬೀಗ್ರೆ" ಅಂತಾಳೆ. "ಅವಳು ಕೇಳ್ತಾಳೆ. ಬೇಗ ಹೇಳ್ರಿ."

ಹೇಳ್ತೀನಿ. ಕಿಟಕಿ ಹತ್ರ ನಿಂತು ಹೇಳ್ತೀನಿ. ಒಂದು ದಿನ ನಮ್ಮ ಹಡಗಿನ ಮೇಲೆ ಒಂದು... ಬರೆಯೋದು ಇಲ್ಲಿಗೆ ನಿಲ್ಲಿಸ್ತೀನಿ, ಅವಳು ಕಾಯ್ತಾಳೆ.